ಹಿಂದಿರುಗುವ ದಾರಿಯಿಲ್ಲದ ಅಪ್‌ಡೇಟ್

2023ರ ಅಕ್ಟೋಬರ್ 25ರಿಂದ 72 ಗಂಟೆಗಳ ಒಳಗೆ ಅಮೆರಿಕದ ಒಂದೇ ಇಂಟರ್ನೆಟ್ ಸೇವಾ ಸಂಸ್ಥೆಯ ಆರು ಲಕ್ಷಕ್ಕೂ ಹೆಚ್ಚು ರೌಟರ್‌ಗಳು ಕೆಟ್ಟು ನಿಂತವು. ಯಾರೋ ಬೇಕೆಂದೇ ಕಳಿಸಿದ ಕೆಟ್ಟ ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಇದಕ್ಕೆ ಕಾರಣವೆಂದು ಬ್ಲ್ಯಾಕ್ ಲೋಟಸ್ ಲ್ಯಾಬ್ಸ್ ಸಂಶೋಧಕರು 2024ರಲ್ಲಿ ವರದಿ ಮಾಡಿದರು. ಆ ರೌಟರ್‌ಗಳನ್ನು ರಿಪೇರಿ ಮಾಡಲಾಗಲಿಲ್ಲ, ಬದಲಿಸಬೇಕಾಯಿತು.

ಇಂಥದ್ದಕ್ಕೆ ದಾಳಿಯೇ ಆಗಬೇಕೆಂದಿಲ್ಲ. 2017ರಲ್ಲಿ ಲಾಕ್‌ಸ್ಟೇಟ್ ಕಂಪನಿ ಒಂದು ಮಾದರಿಯ ಫರ್ಮ್‌ವೇರನ್ನು ತಪ್ಪಿ ಇನ್ನೊಂದು ಮಾದರಿಗೆ ಕಳಿಸಿದ್ದರಿಂದ ಸುಮಾರು 500 ಸ್ಮಾರ್ಟ್ ಬೀಗಗಳು ಕೆಲಸ ನಿಲ್ಲಿಸಿದವು.

ಫರ್ಮ್‌ವೇರ್ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ. ಅಲ್ಲಿ ಹಳೆಯದನ್ನು ಅಳಿಸದೆ ಅದೇ ಜಾಗದಲ್ಲಿ ಹೊಸದನ್ನು ಬರೆಯಲಾಗದು. ನಡುವೆ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಪೂರ್ತಿಯಿಲ್ಲ. ಆನ್ ಮಾಡಿದಾಗ ಮೊದಲು ಓಡುವ ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಂ ಉಳಿದಿದ್ದರೆ ಬದುಕಿಸಬಹುದು: ಅನೇಕ ರೌಟರ್‌ಗಳಲ್ಲಿ ರಿಸೆಟ್ ಗುಂಡಿ ಒತ್ತಿ ಹಿಡಿದು ಆನ್ ಮಾಡಿ, ಕೇಬಲ್ ಮೂಲಕ ಕಂಪ್ಯೂಟರ್‌ನಿಂದ ಸರಿಯಾದ ಪ್ರತಿ ಕಳಿಸಿದರೆ ಸಾಕು. ಬೂಟ್‌ಲೋಡರೂ ಅಳಿಸಿಹೋಗಿದ್ದರೆ ಪೆಟ್ಟಿಗೆ ಬಿಚ್ಚಿ, ಚಿಪ್ಪಿಗೆ ಕ್ಲಿಪ್ ಹಚ್ಚಿ, ಪ್ರೋಗ್ರಾಮರ್ ಉಪಕರಣದಿಂದ ಬರೆಯಬೇಕು. ನುರಿತ ಕೈಗೆ ಇದು ಕಷ್ಟವಲ್ಲ. ಆದರೆ ಒಂದೊಂದನ್ನೇ ಬಿಚ್ಚಬೇಕಾದ ಈ ಕೆಲಸ ಆರು ಲಕ್ಷ ಮನೆಗಳಿಗೆ ಆಗುವಂಥದ್ದಲ್ಲ.

ಪರಿಹಾರ ಗೊತ್ತಿಲ್ಲದ್ದೇನಲ್ಲ. ಫರ್ಮ್‌ವೇರಿಗೆ ಎರಡು ಜಾಗ ಇಟ್ಟು, ಹೊಸದು ಸರಿಯಾಗಿ ಶುರುವಾಗದಿದ್ದರೆ ಹಳೆಯದಕ್ಕೇ ಮರಳುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲಿ 2016ರಿಂದಲೇ ಇದೆ. ಅದಕ್ಕೆ ಹೆಚ್ಚು ಮೆಮೊರಿ ಬೇಕು, ಅಂದರೆ ಹೆಚ್ಚು ಖರ್ಚು. ಕಡಿಮೆ ಬೆಲೆಯ ಸಾಧನಗಳಲ್ಲಿ ಮೊದಲು ಕತ್ತರಿ ಬೀಳುವುದು ಇಲ್ಲಿಗೇ.

ಇಂಥ ತೊಂದರೆ ದೂರದ ದೇಶದ ಮಾತೂ ಅಲ್ಲ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಮೋಡೆಮ್‌ಗಳ ಮೇಲೆ ದಾಳಿಯಾದಾಗ ಕರ್ನಾಟಕದ ಗ್ರಾಹಕರೂ ಸಂಪರ್ಕ ಕಳೆದುಕೊಂಡರು. ಕಂಪನಿಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಬದಲಿಸದೇ ಇದ್ದ ಮೋಡೆಮ್‌ಗಳೇ ಅದಕ್ಕೆ ಸಿಕ್ಕಿದ್ದು.

ಈಗ ದೇಶ 25 ಕೋಟಿ ಸ್ಮಾರ್ಟ್ ವಿದ್ಯುತ್ ಮೀಟರ್ ಅಳವಡಿಸುವ ಗುರಿ ಇಟ್ಟುಕೊಂಡಿದೆ. ಇವುಗಳ ಫರ್ಮ್‌ವೇರನ್ನು ದೂರದಿಂದಲೇ ಬದಲಿಸಬಹುದು. ರೌಟರ್ ನಿಂತರೆ ಇಂಟರ್ನೆಟ್ ಹೋಗುತ್ತದೆ. ವಿದ್ಯುತ್ ಸಂಪರ್ಕ ಕಡಿಯುವ ಸ್ವಿಚ್ಚೂ ಒಳಗೇ ಇರುವ ಮೀಟರ್ ಕೆಟ್ಟರೆ ಮನೆಯ ಬೆಳಕು, ಬೋರ್‌ವೆಲ್ಲಿನ ನೀರು ಎಲ್ಲವೂ ನಿಲ್ಲಬಹುದು. ಹಾಗಾಗಿ ಟೆಂಡರ್ ಬರೆಯುವವರು ಬೆಲೆಗಿಂತ ಮೊದಲು ಮೂರು ವಿಷಯ ಕೇಳಲೇಬೇಕು: ಹಳೆಯ ಪ್ರತಿ ಒಳಗೇ ಉಳಿಯುತ್ತದೆಯೇ, ಬೂಟ್‌ಲೋಡರನ್ನು ಅಳಿಸಲಾಗದಂತೆ ಬೀಗ ಹಾಕಿದೆಯೇ, ಹೊಸ ಅಪ್‌ಡೇಟನ್ನು ಮೊದಲು ಕೆಲವೇ ನೂರು ಮೀಟರ್‌ಗಳಿಗೆ ಕಳಿಸಿ ಕಾದು ನೋಡುತ್ತಾರೆಯೇ. ಅಪ್‌ಡೇಟ್ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ಕರೆಂಟ್ ತೆಗೆದು, ಮೀಟರ್ ತಾನಾಗಿ ಎದ್ದು ಬರುತ್ತದೆಯೇ ಎಂಬುದನ್ನು ಖರೀದಿಗೆ ಮುನ್ನ ಎಲ್ಲರೆದುರು ಪರೀಕ್ಷಿಸಬೇಕು.