ಅರಮನೆಗೊಂದು ಲೆಕ್ಕ, ಅಂಗಡಿಗೊಂದು ಲೆಕ್ಕ?

ಬೆಂಗಳೂರು: ಸಂಜೆ ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ನಿಂತಿತೆಂದರೆ ಮತ್ತೆ ಹೊರಡುವ ಹೊತ್ತು ದೇವರಿಗೇ ಗೊತ್ತು. ಕಿಟಕಿಯಾಚೆ ಅರಮನೆ ಮೈದಾನದ ಉದ್ದನೆಯ ಕಾಂಪೌಂಡು. “ಆ ಗೋಡೆ ನಾಲ್ಕು ಮಾರು ಹಿಂದಕ್ಕೆ ಹೋದ್ರೆ ಯಾರ ಗಂಟು ಹೋಗುತ್ತೆ?” ಎಂಬುದು ನಿಂತೇ ಬರುವವರ ಗೊಣಗಾಟ.

ಗಂಟಿನ ಲೆಕ್ಕ ಹೀಗಿದೆ. 472 ಎಕರೆಯ ಈ ಆಸ್ತಿಗೆ 1996ರ ಕಾಯ್ದೆಯಲ್ಲಿ ಸರಕಾರ ಕಟ್ಟಿದ ಬೆಲೆ 11 ಕೋಟಿ. ಎಕರೆಗೆ ಎರಡೂವರೆ ಲಕ್ಷವೂ ಇಲ್ಲ. ರಾಜಮನೆತನ ಕೋರ್ಟಿಗೆ ಹೋಯಿತು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಬೇಕಾದ 15 ಎಕರೆ ಚಿಲ್ಲರೆ ಜಾಗಕ್ಕೆ ಮಾರುಕಟ್ಟೆ ದರದಲ್ಲಿ ಟಿ.ಡಿ.ಆರ್. ಹಕ್ಕುಪತ್ರ ಕೊಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗುಣಿಸಿದರೆ 3,000 ಕೋಟಿ! ಎಕರೆಗೆ ಸುಮಾರು 200 ಕೋಟಿ. ಬೆಚ್ಚಿದ ಸರಕಾರ, ರಸ್ತೆಯೇ ಬೇಡವೆನ್ನುವ ಅಧಿಕಾರಕ್ಕಾಗಿ 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ತಂದಿತು.

ಮೈಸೂರು ಮಹಾರಾಜರಿಗೆ ಗೊತ್ತುಮಾಡಿದ್ದ ರಾಜಧನ ವರ್ಷಕ್ಕೆ 26 ಲಕ್ಷ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಅದನ್ನು ನಿಲ್ಲಿಸಿತು. ಖಾಸಗಿ ಆಸ್ತಿ ಉಳಿಯಿತು. ಕನ್ನಂಬಾಡಿ ಕಟ್ಟಿಸಿದ ಮನೆತನವಲ್ಲವೇ, ನ್ಯಾಯವಾದ ಬೆಲೆ ಬೇಡವೇ ಎಂದು ಕೇಳುವವರುಂಟು. ಮಾತು ಸರಿಯೇ. ಆದರೆ ಕಟ್ಟೆಗೆ ಬಿದ್ದ ದುಡ್ಡಿನಲ್ಲಿ ರೈತರ ಕಂದಾಯವೂ ಇತ್ತು.

ಎಕರೆಗೆ ಎರಡೂವರೆ ಲಕ್ಷ ಯಾರಿಗೆ ಕೊಟ್ಟರೂ ಅನ್ಯಾಯವೇ. ಅರಮನೆ 28 ವರ್ಷ ಕೋರ್ಟಿನಲ್ಲಿ ಕಾಯಬಲ್ಲದು. ರಸ್ತೆ ಅಗಲಕ್ಕೆ ಮೂರಡಿ ಮುಂಭಾಗ ಕಳೆದುಕೊಂಡ ಅಂಗಡಿಯವನು 28 ದಿನ ಬಾಗಿಲು ಹಾಕಿದರೆ ಮನೇಲಿ ಒಲೆ ಉರಿಯೋದಿಲ್ಲ. ಕಿರೀಟ ಹೋದರೂ ಕಾಯುವ ತಾಕತ್ತು ವಂಶಕ್ಕೇ ಉಳಿಯಿತು. ಪಿತ್ರಾರ್ಜಿತ ಅಂದ್ರೆ ಇದೇ ಅಲ್ಲವೇ?