ಗುಡ್ಡದ ಅಸಲು, ಗುಡ್ಡದ ಬಡ್ಡಿ

ಸಂಸ್ಕೃತದಲ್ಲಿ ಯೋಗಕ್ಷೇಮವೆಂಬ ಮಾತೊಂದುಂಟು. ಕಾಗದ ಬರೆಯುವಾಗ ಅದನ್ನು ಬರಿಯ ಕುಶಲವೆಂಬ ಅರ್ಥದಲ್ಲಿ ಬಳಸುವುದು ನಮ್ಮೆಲ್ಲರ ವಾಡಿಕೆ. ಹಿಂದಿನವರಾದರೋ ಅದನ್ನು ಎರಡಾಗಿ ಬಿಡಿಸಿದರು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ಮನೆಯ ಯಜಮಾನನಿಗೂ ನಾಡನ್ನಾಳುವವರಿಗೂ ಈ ಎರಡು ಹೊಣೆಗಳು ಸಮಾನವಾಗಿಯೇ ಇರುವುವು. ಭೂಮಿಯೊಳಗಿನ ಸಂಪತ್ತು ಕೈಗೆ ಬಂದಾಗ ಈ ಎರಡನೆಯ ಹೊಣೆಯು ಎಷ್ಟು ಸುಲಭವಾಗಿ ಮರೆತುಹೋಗುವುದೆಂಬುದನ್ನು ಇಲ್ಲಿ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಕಳಸದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಭದ್ರಾನದಿಯ ಮೇಲ್ಗಡೆ, ಕುದುರೆಮುಖದ ಪೇಟೆಯಿರುವುದು. ಅಲ್ಲಿನ ಕಬ್ಬಿಣದ ಅದಿರನ್ನು ತೆಗೆಯುವುದಕ್ಕಾಗಿ 1976ರಲ್ಲಿ ಭಾರತ ಸರ್ಕಾರವು ಒಂದು ಕಂಪೆನಿಯನ್ನು ಸ್ಥಾಪಿಸಿತು. ಹಣವನ್ನು ಸಾಲವಾಗಿ ಕೊಡುವುದಕ್ಕೂ ಅದಿರನ್ನು ಕೊಳ್ಳುವುದಕ್ಕೂ ಇರಾನ್ ದೇಶವು ಒಪ್ಪಿತ್ತು. ಆದರೆ 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆಯೇ ದೇಶಬಿಟ್ಟು ಹೋದನು, ಕರಾರು ಮುರಿಯಿತು. ಗಣಿಯು ಸಿದ್ಧವಾಗುವ ಹೊತ್ತಿಗೆ ಗಿರಾಕಿಯೇ ಇಲ್ಲದಂತಾಯಿತು! ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಅದಿರಿನ ಪುಡಿಯನ್ನು ನೀರಿನೊಡನೆ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟವಿಳಿಸಿ ಮಂಗಳೂರಿಗೆ ಮುಟ್ಟಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಿದರು. ಕಾಡಿನ ನಡುವೆ ಶಾಲೆ, ಆಸ್ಪತ್ರೆ, ಸಾಲುಮನೆಗಳ ಪೇಟೆಯೊಂದು ಎದ್ದಿತು. ಸಾವಿರಾರು ಸಂಸಾರಗಳು ಆ ಗುಡ್ಡದ ಅನ್ನವನ್ನುಂಡುವು.

1987ರಲ್ಲಿ ಸುತ್ತಲಿನ ಅರಣ್ಯವು ರಾಷ್ಟ್ರೀಯ ಉದ್ಯಾನವಾಯಿತು. ಕಾಡು ಹಾಳಾಗುವುದು, ಮಳೆಗಾಲದಲ್ಲಿ ಭದ್ರೆಗೆ ಹೂಳು ಸೇರುವುದು ಎಂಬ ದೂರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2005ರ ಕೊನೆಯೊಳಗೆ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು 2002ರಲ್ಲಿ ತೀರ್ಪಾಯಿತು, ಅದರಂತೆಯೇ ನಿಂತಿತು. ಮಂಗಳೂರಿನ ಕಾರ್ಖಾನೆಯು ಬೇರೆ ಕಡೆಯ ಅದಿರನ್ನು ತರಿಸಿಕೊಳ್ಳಬೇಕಾಯಿತು. ಪೇಟೆಯ ಮನೆಗಳಿಗೆ ಒಂದೊಂದಾಗಿ ಬೀಗ ಬಿದ್ದಿತು.

ಇಲ್ಲಿ ಅದಿರು ತೀರಿತೆಂದು ಗಣಿ ನಿಂತುದಲ್ಲ. ತೀರುವ ಮೊದಲೇ ನಿಲ್ಲಿಸಲಾಯಿತು. ನಿಲ್ಲಿಸೆಂದು ಹೇಳುವವರೇ ಇಲ್ಲದಿದ್ದರೆ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಪೆಸಿಫಿಕ್ ಮಹಾಸಾಗರದ ನೌರು ದ್ವೀಪದ ಕಥೆಯನ್ನು ಕೇಳಬೇಕು.

ನೌರುವಿನ ವಿಸ್ತೀರ್ಣ 21 ಚದರ ಕಿ.ಮೀ. ಮಾತ್ರ. ಗೊಬ್ಬರಕ್ಕೊದಗುವ ಫಾಸ್ಫೇಟ್ ಶಿಲೆಯೇ ಅದರ ಐಶ್ವರ್ಯ. ಪರದೇಶದವರು ಅರ್ಧ ಶತಮಾನಕ್ಕೂ ಮಿಕ್ಕಿ ಅದನ್ನು ಅಗೆದೊಯ್ದರು. 1968ರಲ್ಲಿ ದ್ವೀಪವು ಸ್ವತಂತ್ರವಾಯಿತು. 1970ರಲ್ಲಿ ಗಣಿಯೂ ಸ್ವಂತವಾಯಿತು. ಪ್ರಜೆಗಳು ಸಂಸತ್ತನ್ನು ಆರಿಸುವರು; ಸಂಸತ್ತು ತನ್ನವರಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುವುದು. ಕೆಲವು ಕಾಲ ಅಲ್ಲಿನ ತಲಾ ವರಮಾನವು ಜಗತ್ತಿನಲ್ಲಿಯೇ ಅತ್ಯಂತ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ವರಮಾನದ ತೆರಿಗೆಯೆಂಬುದೇ ಇರಲಿಲ್ಲ. ಮುಂದಿನ ಪೀಳಿಗೆಗೆಂದು ನಿಧಿಯೊಂದನ್ನು ಇಟ್ಟಿದ್ದರೆಂಬುದೂ ನಿಜವೇ. ಆದರೆ ಆಳುವವರ ದುಂದುಗಾರಿಕೆಯಿಂದಲೂ ತಪ್ಪು ಹೂಡಿಕೆಗಳಿಂದಲೂ ಅದು ಕರಗಿತು. 1993ರಲ್ಲಿ ಲಂಡನ್ನಿನ ಸಂಗೀತ ನಾಟಕವೊಂದಕ್ಕೂ ಹಣ ಸುರಿದು ಕಳೆದುಕೊಂಡರು! ಮೆಲ್ಬರ್ನಿನಲ್ಲಿ ಕಟ್ಟಿಸಿದ್ದ 52 ಅಂತಸ್ತಿನ ಸೌಧವನ್ನು 2004ರಲ್ಲಿ ಮಾರಬೇಕಾಯಿತು. ಅಷ್ಟರಲ್ಲಿ ಶಿಲೆಯು ಬಹುಮಟ್ಟಿಗೆ ತೀರಿತ್ತು. ದ್ವೀಪದ ಐದರಲ್ಲಿ ನಾಲ್ಕು ಪಾಲು ನೆಲವು ಉಳುವುದಕ್ಕೂ ಬಾರದ ಕಲ್ಲುಮೊನೆಗಳಾಗಿತ್ತು. ಸುಮಾರು 2015ರಿಂದೀಚೆಗೆ ಅನ್ಯದೇಶಗಳ ನೆರವಿನಿಂದ ಹೊಸದೊಂದು ನಿಧಿಯನ್ನು ಕೂಡಿಡತೊಡಗಿದರು.

ಈ ಅನರ್ಥಕ್ಕೆ ಕಾರಣವೇನು? ಅಸಲನ್ನು ಆದಾಯವೆಂದು ಭ್ರಮಿಸಿದುದೇ ಕಾರಣ. ಗಣಿಯ ಹಣವು ಬೆಳೆಯ ಹಣದಂತಲ್ಲ. ನಮ್ಮ ಕಾಫಿಗಿಡವು ಹಣ್ಣು ಕೊಟ್ಟ ಮೇಲೆಯೂ ನಿಂತಿರುವುದು. ಹೂಮಳೆ ಬಿದ್ದರೆ ಮತ್ತೆ ಹೂಬಿಡುವುದು. ಅದಿರಿಗೆ ಹೂಮಳೆಯಿಲ್ಲ.

ನಮ್ಮ ಹಳೆಯ ಶಿಷ್ಯನೊಬ್ಬನು ಕುದುರೆಮುಖದ ಗಣಿಯಲ್ಲಿದ್ದನು. ಜೊತೆಯವರು ಬಂದ ಸಂಬಳವನ್ನು ಬಂದಂತೆಯೇ ಖರ್ಚುಮಾಡುತ್ತಿದ್ದಾಗ, ಈತನು ಪ್ರತಿ ತಿಂಗಳೂ ಒಂದು ಪಾಲನ್ನು ಉಳಿಸಿ ಕಳಸದ ಬಳಿ ಒಂದೂವರೆ ಎಕರೆ ಕಾಫಿ ಮಾಡಿದನು. ಗಣಿ ನಿಂತ ವರ್ಷ ನಮ್ಮ ಮನೆಗೆ ಬಂದಿದ್ದನು. “ಮುಂದೇನಪ್ಪಾ?” ಎಂದು ಕೇಳಿದೆವು. “ಗುಡ್ಡ ಕೊಟ್ಟಿದ್ದನ್ನು ಗುಡ್ಡಕ್ಕೇ ಹಾಕಿದ್ದೀನಿ ಮೇಷ್ಟ್ರೇ, ಗಂಜಿಗೆ ತೊಂದರೆಯಿಲ್ಲ” ಎಂದನು. ಅರ್ಥಶಾಸ್ತ್ರವನ್ನು ಅವನಿಗೆ ನಾವು ಕಲಿಸಿದುದಿಲ್ಲ. ಅಂದು ಅವನೇ ನಮಗೆ ಕಲಿಸಿದನು.

ಕಾಫಿಯವರೂ ಈ ತಪ್ಪಿಗೆ ಹೊರತಲ್ಲ. ಮದುವೆಯ ಖರ್ಚಿಗೆಂದು ತೋಟದ ನೆರಳಿನ ಮರಗಳನ್ನು ಒಮ್ಮೆಗೇ ಕಡಿಸಿ ಮಾರುವ ಯಜಮಾನನು ಚಿಕ್ಕದೊಂದು ನೌರುವನ್ನು ತನ್ನ ಬೇಲಿಯೊಳಗೇ ಮಾಡಿಕೊಂಡಂತಾಗುವುದು. ಈ ಸಲ ಮನೆಯ ಲೆಕ್ಕವನ್ನು ಬರೆಯುವಾಗ, ಬಂದ ಹಣವು ಹಣ್ಣಿನದೋ ಮರದ್ದೋ ಎಂಬುದನ್ನು ಗೃಹಸ್ಥರು ಒಂದು ಗಳಿಗೆ ವಿಚಾರಿಸಲಿ. ಹಣ್ಣಿನದಾದರೆ ಉಣ್ಣಲಿ, ಮರದ್ದಾದರೆ ಮತ್ತೊಂದು ಮರವನ್ನು ನೆಟ್ಟ ಮೇಲೆಯೇ ಅದನ್ನು ಮುಟ್ಟಲಿ.