ಬಿಸಿಲ ಸೀಮೆಯ ಕೂಸು, ಬಾಣಂತಿ ಮತ್ತು ನೀರು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಿವು. ಆದರೆ ಬಾಣಂತನದ ಮನೆಯಲ್ಲಿ ಮಾತ್ರ ಲೆಕ್ಕ ತಲೆಕೆಳಗು: ನೀರು ಬೇಡದ ಕೂಸಿಗೆ ಕುಡಿಸುತ್ತಾರೆ, ಬೇಕಾದ ತಾಯಿಗೆ ತಪ್ಪಿಸುತ್ತಾರೆ.

‘ಇಂಥ ಬಿಸಿಲಲ್ಲಿ ಕೂಸಿನ ಬಾಯಿ ಒಣಗಲ್ವಾ, ಒಂದು ಒಳಲೆ ನೀರು ಹಾಕು’ ಎನ್ನುವ ಅಜ್ಜಿಯ ಕಾಳಜಿ ನಿಜ, ಮದ್ದು ಮಾತ್ರ ತಪ್ಪು. ಎದೆಹಾಲಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 88 ಪಾಲು ನೀರೇ. ಆರು ತಿಂಗಳು ತುಂಬುವವರೆಗೆ, ಬಿಸಿಲು 40 ಡಿಗ್ರಿ ಮುಟ್ಟಿದರೂ, ಬೇರೆ ನೀರು ಬೇಡ. ಹಾಲನ್ನೇ ಹೆಚ್ಚು ಸಲ ಕೊಟ್ಟರಾಯಿತು. ಪುಟ್ಟ ಹೊಟ್ಟೆಗೆ ನೀರು ತುಂಬಿದರೆ ಹಾಲಿಗೆ ಜಾಗವಿರುವುದಿಲ್ಲ, ಜೊತೆಗೆ ರೋಗಾಣು ಒಳಹೋಗುವ ದಾರಿಯೂ ತೆರೆಯುತ್ತದೆ. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ.

ಹುಟ್ಟಿದ ದಿನದ ಸಕ್ಕರೆ ನೀರು, ಜೇನುತುಪ್ಪಕ್ಕೂ ಇದೇ ಮಾತು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಅಪಾಯವೇ. ಹಸು ಈದರೆ ಗಿಣ್ಣು ಕಾಯಿಸಿ ಬೀದಿಗೆಲ್ಲ ಹಂಚುವ ನಾವು, ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು ವಿಚಿತ್ರ! ಹೆರಿಗೆಯಾದ ಒಂದು ಗಂಟೆಯೊಳಗೆ ಕೂಸಿಗೆ ಸಿಗಬೇಕಾದದ್ದು ಅದೇ.

ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿ. ಹೊಟ್ಟೆ ಉಬ್ಬಿ ಕಾಣುವುದು ನೀರಿನಿಂದಲ್ಲ. ಹಿಗ್ಗಿದ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಆರು ವಾರ ಬೇಕು, ಸ್ನಾಯುಗಳಿಗೆ ಇನ್ನೂ ಹೆಚ್ಚು. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕೊಡುವವಳು ನೀರಡಿಕೆ ಕಟ್ಟಿಕೊಂಡು ಕೂತರೆ ಮಲಬದ್ಧತೆ, ಉರಿಮೂತ್ರ ಎರಡೂ ಬರುತ್ತವೆ. ಬೆಚ್ಚಗಿನ ನೀರೇ ಇರಲಿ ಎನ್ನುವ ಅತ್ತೆಯ ಹಟಕ್ಕೆ ನನ್ನ ತಕರಾರಿಲ್ಲ. ಧಾರಾಳವಾಗಿ ಕೊಡಲಿ, ಅಷ್ಟೆ.

ಇನ್ನು ಈ ಸೀಮೆಯದೇ ಆದ ತಪ್ಪು ತಿಳಿವಳಿಕೆ: ಬೋರ್‌ವೆಲ್ ನೀರನ್ನು ಕುದಿಸಿದರೆ ಎಲ್ಲ ಶುದ್ಧ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೂ 1.5 ದಾಟಬಾರದು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳು ಈ ಗೆರೆ ದಾಟಿವೆ. ಮಕ್ಕಳ ಹಲ್ಲಿನ ಕಂದು ಕಲೆಗೆ ‘ಸರಿಯಾಗಿ ಉಜ್ಜಲ್ಲ’ ಎಂದು ಬೈಯುವ ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೇ ರೂಪುಗೊಳ್ಳುವಾಗ ಫ್ಲೋರೈಡ್‌ನಿಂದ ಹತ್ತುವ ಕಲೆಯದು. ಎಷ್ಟು ಉಜ್ಜಿದರೂ ಹೋಗದು. ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುವುದರಿಂದ, ಬೆಳಗ್ಗೆ ಮಗುವಿಗೆ ಟೀ ಕುಡಿಸುವ ರೂಢಿಯನ್ನು ಇಲ್ಲಿಯವರು ಬಿಡುವುದೇ ಲೇಸು. ಒಂದು ಸಮಾಧಾನವೆಂದರೆ, ತಾಯಿ ಅಂಥ ನೀರು ಕುಡಿದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ತೀರಾ ಅಲ್ಪ. ಅದೇ ನೀರಲ್ಲಿ ಡಬ್ಬದ ಹಾಲುಪುಡಿ ಕಲಸಿದರೆ ಆ ರಕ್ಷಣೆಯಿಲ್ಲ. ಆರು ತಿಂಗಳಾದ ಮೇಲೆ ಗಂಜಿಗೆ, ಕುಡಿಯಲಿಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಮೊದಲು ಮಗುವಿಗೆ ಮೀಸಲಾಗಲಿ, ದೊಡ್ಡವರದು ಆಮೇಲೆ.

ಭೇದಿಯಾದಾಗ ಮಾತ್ರ ಎಲ್ಲರೂ ನೀರು ನಿಲ್ಲಿಸುತ್ತಾರೆ, ಕುಡಿದಷ್ಟೂ ಹೋಗುತ್ತದೆಂದು. ನೆತ್ತಿ ಗುಂಡಿ ಬಿದ್ದರೆ ಹರಳೆಣ್ಣೆ ಒತ್ತುತ್ತಾರೆ. ಆ ಗುಂಡಿ ಮೈಯ ನೀರು ಬತ್ತಿದ ಗುರುತು. ಎಣ್ಣೆಯಿಂದ ಏಳುವುದಲ್ಲ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದದ್ದು. ದಾರಿಯುದ್ದಕ್ಕೂ ಎದೆಹಾಲು, ಓಆರ್‌ಎಸ್ ನಿಲ್ಲಬಾರದು. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೆ ಒಮ್ಮೆಲೇ ಕಲಸಬೇಕು, ಲೋಟಕ್ಕೆ ಚಿಟಿಕೆ ಹಾಕುವ ಅಂದಾಜು ಬೇಡ. ಉಳಿದದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ಪೊಟ್ಟಣವೂ, 14 ದಿನ ಕೊಡಬೇಕಾದ ಜಿಂಕ್ ಮಾತ್ರೆಯೂ ಆಶಾ ಕಾರ್ಯಕರ್ತೆಯ ಬಳಿ ಪುಕ್ಕಟೆ ಸಿಗುತ್ತವೆ.